ಪಂದ್ಯದ ನಂತರದ 72 ಗಂಟೆ

90 ನಿಮಿಷದ ಪಂದ್ಯದಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರ ಸುಮಾರು 10ರಿಂದ 13 ಕಿಲೋಮೀಟರ್ ಓಡುತ್ತಾನೆ. ಅವನನ್ನು ಹಣ್ಣಾಗಿಸುವುದು ಬರೀ ಆ ದೂರವಲ್ಲ. ಓಡುತ್ತಲೇ ಗಕ್ಕನೆ ನಿಲ್ಲಬೇಕು, ದಿಕ್ಕು ಬದಲಿಸಬೇಕು, ನೆಗೆದು ನೆಲಕ್ಕಿಳಿಯಬೇಕು. ಆಗೆಲ್ಲ ತೊಡೆಯ ಸ್ನಾಯು ಬಿಗಿಹಿಡಿದುಕೊಂಡೇ ಉದ್ದಕ್ಕೆ ಹಿಗ್ಗುತ್ತದೆ. ಮರುದಿನ, ಅದರ ಮರುದಿನ ಕಾಡುವ ನೋವು ಹುಟ್ಟುವುದು ಹೆಚ್ಚಾಗಿ ಅಲ್ಲಿ. ಇದು ಖಚಿತವಾಗಲು ವಿಜ್ಞಾನಕ್ಕೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು.

ತಡವಾಗಿ ಬರುವ ಈ ನೋವಿಗೆ ಸ್ನಾಯುವಿನೊಳಗಿನ ಸೂಕ್ಷ್ಮ ಸೀಳುಗಳೇ ಕಾರಣವಿರಬೇಕೆಂದು ಅಮೆರಿಕದ ಶರೀರವಿಜ್ಞಾನಿ ಥಿಯೋಡರ್ ಹಫ್ 1902ರಲ್ಲೇ ಹೇಳಿದ್ದರು. ಆದರೆ ಆಮೇಲೆ ಗಮನವೆಲ್ಲ ಲ್ಯಾಕ್ಟಿಕ್ ಆಮ್ಲದತ್ತ ತಿರುಗಿತು. ಸ್ನಾಯುವಿನ ಶಕ್ತಿವ್ಯವಹಾರವನ್ನು ಬಿಡಿಸಿಟ್ಟ ಆರ್ಚಿಬಾಲ್ಡ್ ಹಿಲ್ ಮತ್ತು ಆಟೊ ಮೇಯರ್‌ಹಾಫ್ 1922ರ ನೊಬೆಲ್ ಪಡೆದರು. ಅವರ ಕೆಲಸ ದೊಡ್ಡದು. ಅದರ ನೆರಳಲ್ಲಿ ಬೆಳೆದ ನಂಬಿಕೆ ಮಾತ್ರ ಸರಿಯಿರಲಿಲ್ಲ: ಆಮ್ಲ ಕಾಲಲ್ಲಿ ಉಳಿದುಬಿಡುತ್ತದೆ, ಅದನ್ನು ಹೊರದಬ್ಬಿದರೆ ನೋವು ಹೋಗುತ್ತದೆ ಎಂದು ತರಬೇತುದಾರರು ದಶಕಗಟ್ಟಲೆ ಹೇಳುತ್ತ ಬಂದರು. 1983ರ ಒಂದು ಸರಳ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಸಮತಟ್ಟಿನಲ್ಲಿ ಓಡಿದವರ ರಕ್ತದಲ್ಲಿ ಆಮ್ಲ ಏರಿತ್ತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಿಗೆ ಆಮ್ಲ ಏರಲಿಲ್ಲ, ಆದರೆ ಎರಡು ದಿನ ಕಾಲು ಹಿಡಿದುಕೊಂಡಿತು. ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಯಾನ್ ಫ್ರಿಡೇನ್ ಮತ್ತು ಸಂಗಡಿಗರು ನೋಯುವ ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ತಂತುಗಳ ಕಟ್ಟು ಅಲ್ಲಲ್ಲಿ ಕದಡಿಹೋಗಿತ್ತು. ಹಫ್ ಅವರ ಊಹೆಗೆ ಕೊನೆಗೂ ಕಣ್ಣಿಗೆ ಕಾಣುವ ಆಧಾರ ಸಿಕ್ಕಿತು.

ಚಿಕಿತ್ಸೆಯ ಕಥೆ ಇಷ್ಟು ನೇರವಾಗಿಲ್ಲ. ಗಾಯಕ್ಕೆ ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲೆತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ವೈದ್ಯ ಗೇಬ್ ಮಿರ್ಕಿನ್, ಐಸ್ ವಾಸಿಯಾಗುವುದನ್ನೇ ತಡೆಯಬಹುದೆಂದು ಮುಂದೆ ತಾವೇ ಹೇಳಿದರು. ಅಷ್ಟರಲ್ಲಿ ಐಸ್ ನೀರಿನ ತೊಟ್ಟಿ ಡ್ರೆಸ್ಸಿಂಗ್ ರೂಮಿಗೆ ಬಂದಾಗಿತ್ತು. ತಣ್ಣೀರು ನೋವನ್ನು ಕಡಿಮೆ ಮಾಡುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2012ರ ಕಾಕ್ರನ್ ವಿಮರ್ಶೆ ಒಪ್ಪಿತು. ಆದರೆ ಪ್ರತಿ ಶಕ್ತಿ ತರಬೇತಿಯ ನಂತರ ತಣ್ಣೀರಿಗಿಳಿದವರಲ್ಲಿ ಸ್ನಾಯು ಕಡಿಮೆ ಬೆಳೆಯಿತೆಂದು 2015ರ ಆಸ್ಟ್ರೇಲಿಯಾ ಅಧ್ಯಯನ ತೋರಿಸಿತು. ಮೂರು ದಿನಕ್ಕೆ ಮತ್ತೆ ಪಂದ್ಯವಿದ್ದರೆ ತೊಟ್ಟಿ ಸರಿ, ಋತುವಿಗೆ ಮೊದಲಿನ ತರಬೇತಿಯಲ್ಲಿ ಬೇಡ ಎಂಬುದು ನನಗೆ ಒಪ್ಪುವ ಮಾತು.

ಇದಕ್ಕಿಂತ ಮುಖ್ಯವಾದವು ನಿದ್ದೆ ಮತ್ತು ಊಟ. ಪಂದ್ಯದಲ್ಲಿ ಖರ್ಚಾದ ಗ್ಲೈಕೋಜನ್, ಅಂದರೆ ಸ್ನಾಯುವಿನ ಇಂಧನ, ತುಂಬಿಕೊಳ್ಳಲು 48ರಿಂದ 72 ಗಂಟೆ ಬೇಕು. ರಾತ್ರಿ ಪಂದ್ಯ ಮುಗಿಸಿ ವಿಮಾನ ಹತ್ತುವವನಿಗೆ ಎರಡೂ ಸರಿಯಾಗಿ ಸಿಗುವುದಿಲ್ಲ. ಆ ಜಾಗವನ್ನು ಮಾತ್ರೆ ತುಂಬುತ್ತದೆ. 2010ರ ವಿಶ್ವಕಪ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರರು ನೋವುನಿವಾರಕ ಬಳಸಿದ್ದರೆಂದು ಫಿಫಾದ ವೈದ್ಯರೇ ವರದಿ ಮಾಡಿದರು. ಇದು ನನ್ನನ್ನು ನಿಜಕ್ಕೂ ಕಂಗೆಡಿಸುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ನೋವು ತರುವ ಅದೇ ಹಿಗ್ಗುವಿಕೆಯನ್ನು ಅಳತೆಯಲ್ಲಿ ಕೊಟ್ಟರೆ ಸ್ನಾಯು ಗಟ್ಟಿಯಾಗುತ್ತದೆ. ಮಂಡಿಯೂರಿ ಕೂತು, ಪಾದವನ್ನು ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವ ನಾರ್ಡಿಕ್ ವ್ಯಾಯಾಮವನ್ನು 2011ರಲ್ಲಿ ಡೆನ್ಮಾರ್ಕ್‌ನ 50 ತಂಡಗಳ 942 ಆಟಗಾರರಲ್ಲಿ ಪರೀಕ್ಷಿಸಿದರು. ಅದನ್ನು ಮಾಡಿದವರಲ್ಲಿ ತೊಡೆಯ ಹಿಂಭಾಗದ ಗಾಯಗಳು ಬಹಳ ಇಳಿದವು. ಯಾವ ಯಂತ್ರವೂ ಬೇಡದ ಈ ವ್ಯಾಯಾಮವನ್ನು ಇಂದಿಗೂ ಎಷ್ಟೋ ಕ್ಲಬ್‌ಗಳು ಪೂರ್ತಿಯಾಗಿ ಅಳವಡಿಸಿಕೊಂಡಿಲ್ಲ.

ಸ್ವೀಡನ್ನಿನ ಯಾನ್ ಎಕ್‌ಸ್ಟ್ರಾಂಡ್ 2001ರಿಂದ ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳ ಲೆಕ್ಕ ಇಡತೊಡಗಿದ ಮೇಲೆ ಚರ್ಚೆ ವೇಳಾಪಟ್ಟಿಯತ್ತ ಹೊರಳಿತು. 2010ರಲ್ಲಿ ಸಂಶೋಧಕ ಗ್ರೆಗರಿ ಡ್ಯುಪಾಂಟ್ ತಂಡ ಪ್ರಕಟಿಸಿದ ಅಧ್ಯಯನ ಇದರಲ್ಲಿ ಅತಿ ಮುಖ್ಯವೆಂದು ನನಗನ್ನಿಸುತ್ತದೆ. ವಾರಕ್ಕೆ ಒಂದರ ಬದಲು ಎರಡು ಪಂದ್ಯ ಆಡಿದಾಗ ಓಡಿದ ದೂರ ಕುಗ್ಗಲಿಲ್ಲ. ಗಾಯದ ಪ್ರಮಾಣ ಮಾತ್ರ 1000 ಗಂಟೆಗೆ 4.1ರಿಂದ 25.6ಕ್ಕೆ ಏರಿತು. ಮೈದಾನದ ಹೊರಗೆ ನಿಂತು ನೋಡುವವರಿಗೆ ಆಟಗಾರ ಸರಿಯಾಗಿಯೇ ಕಾಣುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ 2024ರಲ್ಲಿ ಚಾಂಪಿಯನ್ಸ್ ಲೀಗ್ 36 ಕ್ಲಬ್‌ಗಳಿಗೆ ಬೆಳೆಯಿತು, ಮೊದಲ ಹಂತದ ಪಂದ್ಯಗಳು 6ರಿಂದ 8ಕ್ಕೇರಿದವು. 2025ರ ಬೇಸಿಗೆಯ ಬಿಡುವಿಗೆ 32 ತಂಡಗಳ ಕ್ಲಬ್ ವಿಶ್ವಕಪ್ ಬಂತು. ಯುರೋಪಿನ ಆಟಗಾರರ ಸಂಘ ಮತ್ತು ಲೀಗ್‌ಗಳು 2024ರ ಅಕ್ಟೋಬರ್‌ನಲ್ಲಿ ಫಿಫಾ ರೂಪಿಸಿದ ಅಂತರರಾಷ್ಟ್ರೀಯ ವೇಳಾಪಟ್ಟಿಯ ವಿರುದ್ಧ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟವು.