ತಿಮ್ಮಾಪುರದ ಉತಾರ, ಅಮೆರಿಕದ ಅರ್ಜಿ: ಒಂದು ಸಂಶೋಧನಾ ಟಿಪ್ಪಣಿ

ಮುಧೋಳ ತಾಲ್ಲೂಕಿನ ತಿಮ್ಮಾಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ರನ್ನನಗರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ. ಘಟಪ್ರಭೆ ಮತ್ತು ಕೃಷ್ಣೆಯ ನೀರುಂಡ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮನೆಗೆ ದುಡ್ಡು ಬರುವ ದೊಡ್ಡ ದಾರಿಗಳು ಎರಡು: ಕಬ್ಬು ಮತ್ತು ಮಗ್ಗ. ಇಂಥ ಮನೆಯ ಹದಿನೇಳು ವರ್ಷದ ಮಗಳೋ ಮಗನೋ ಅಮೆರಿಕದ ಬಿಗಿ ಆಯ್ಕೆಯ ವಿಶ್ವವಿದ್ಯಾಲಯವೊಂದಕ್ಕೆ ಪದವಿ ಹಂತದಲ್ಲೇ ಅರ್ಜಿ ಹಾಕಿ, ಖರ್ಚಿನ ಬಹುಪಾಲನ್ನು ನೀವೇ ಭರಿಸಬೇಕು ಎಂದು ಕೇಳಿದರೆ ಆ ಮನೆಯ ಹಣಕಾಸನ್ನು ಅಲ್ಲಿನ ನೆರವಿನ ಅರ್ಜಿ ನಮೂನೆ ಹೇಗೆ ಓದುತ್ತದೆ? ಈ ಟಿಪ್ಪಣಿಯ ಪ್ರಶ್ನೆ ಇಷ್ಟೇ. ಅಂಕ, ಪ್ರಬಂಧ, ಸಂದರ್ಶನಗಳ ಬಗ್ಗೆ ಬೇಕಾದಷ್ಟು ಸಲಹೆ ಸಿಗುತ್ತದೆ. ಕಬ್ಬಿನ ಬಿಲ್ಲನ್ನು ಆ ನಮೂನೆಯಲ್ಲಿ ಎಲ್ಲಿ ಬರೆಯಬೇಕೆಂದು ಹೇಳುವವರು ಕಡಿಮೆ.

ಮೊದಲು ಸ್ವಲ್ಪ ಹಿಂದಿನ ಮಾತು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ 1902ರಲ್ಲಿ ಮೆಟ್ರಿಕ್ ಪಾಸಾದರು. ಸಂಸ್ಕೃತದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು. ಆ ವೇತನಕ್ಕೆ ಕೇಳಿದ್ದು ಜಾಣತನದ ಪುರಾವೆಯನ್ನು, ಮನೆಯ ಲೆಕ್ಕವನ್ನಲ್ಲ. ಧಾರವಾಡದಲ್ಲಿ ಹುಟ್ಟಿದ ನಾ.ಸು. ಹರ್ಡೀಕರರು 1913ರಲ್ಲಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು, ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿದರು, ಮರಳಿ ಬಂದು ಹಿಂದುಸ್ತಾನಿ ಸೇವಾದಳ ಕಟ್ಟಿದರು. ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮದ ಹಿಂದೆಯೂ ಅವರಿದ್ದಾರೆ. ಅದೇ ಮಿಷಿಗನ್‌ಗೆ 1947ರಲ್ಲಿ ಹೋದ ರಾಜೇಶ್ವರಿ ಚಟರ್ಜಿ ಅವರ ಪ್ರಸಂಗ ಇನ್ನೂ ಸ್ಪಷ್ಟ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ಅವರಿಗೆ ಭಾರತ ಸರ್ಕಾರದ ವಿದ್ಯಾರ್ಥಿವೇತನವಿತ್ತು. ಮುಂದೆ ಡಾಕ್ಟರೇಟಿಗೆ ಏಷ್ಯಾದ ಹೆಣ್ಣುಮಕ್ಕಳಿಗಾಗಿ 1917ರಿಂದ ನಡೆದುಬಂದ ಬಾರ್ಬರ್ ವಿದ್ಯಾರ್ಥಿವೇತನ ಒದಗಿತು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದ ಕವಿ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಫುಲ್‌ಬ್ರೈಟ್ ಫೆಲೋಶಿಪ್ ಮೇಲೆ.

ಹೀಗೆ ಅಮೆರಿಕಕ್ಕೆ ಹೋದವರೆಲ್ಲ ಇಲ್ಲಿಯ ಓದು ಮುಗಿಸಿ, ಹೆಚ್ಚಿನ ಓದಿಗಾಗಿ ಹೋದವರು. ವಿದ್ಯಾರ್ಥಿವೇತನ ಪಡೆದವರ ಮಟ್ಟಿಗೆ ಹಣ ಕೊಟ್ಟದ್ದು ಸರ್ಕಾರ, ದಾನಿ ಅಥವಾ ಎರಡು ದೇಶಗಳ ಒಪ್ಪಂದ. ಆಯ್ಕೆ ನಡೆದದ್ದು ಸಾಧನೆಯ ಮೇಲೆ. ಇವತ್ತಿಗೂ ನಮ್ಮ ಕಡೆಯ ಮನೆಗಳಲ್ಲಿ ವಿದ್ಯಾರ್ಥಿವೇತನದ ಕಲ್ಪನೆ ಇದೇ ಅಚ್ಚಿನದು: ತೊಂಬತ್ತೆಂಟು ಪರ್ಸೆಂಟ್ ತಂದವನಿಗೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಈ ಅಚ್ಚಿನಲ್ಲೇ ಯೋಚಿಸಿ ಹಾರ್ವರ್ಡ್ ಕಡೆಗೆ ನೋಡಿದರೆ ದಾರಿ ತಪ್ಪುತ್ತದೆ. ಐವಿ ಲೀಗಿನ ಎಂಟೂ ವಿಶ್ವವಿದ್ಯಾಲಯಗಳು ಅಂಕಕ್ಕಾಗಲಿ ಆಟಕ್ಕಾಗಲಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಪ್ರವೇಶ ಸಿಕ್ಕವನ ಮನೆಯವರು ಎಷ್ಟು ಕೊಡಬಲ್ಲರು ಎಂದು ಲೆಕ್ಕ ಹಾಕಿ, ಉಳಿದದ್ದನ್ನು ತಾವೇ ತುಂಬುತ್ತವೆ. ವರ್ಷದ ಒಟ್ಟು ಖರ್ಚು ಇಂಥ ಕಡೆ 90 ಸಾವಿರ ಡಾಲರ್ ಆಸುಪಾಸು ಮುಟ್ಟಿದೆ. ಆ ಅಂಕಿ ನೋಡಿಯೇ ಹಿಂದೆ ಸರಿಯುವವರು ಬೆಲೆಪಟ್ಟಿ ಓದಿದ್ದಾರೆ, ತಮ್ಮ ಪಾಲಿನ ಬಿಲ್ಲನ್ನು ಓದಿಲ್ಲ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ, ಸಾಮಾನ್ಯ ಪ್ರಮಾಣದ ಆಸ್ತಿಯ ಮನೆಗಳಿಂದ ಏನನ್ನೂ ಕೇಳುವುದಿಲ್ಲ ಎಂದು ಸಾರಿದೆ. ‘ಸಾಮಾನ್ಯ ಪ್ರಮಾಣದ ಆಸ್ತಿ’ ಎಂಬ ಷರತ್ತಿಗೆ ಮುಂದೆ ಬರುತ್ತೇನೆ. ಕಬ್ಬಿನ ನಾಡಿನವರಿಗೆ ತೊಡಕು ಇರುವುದೇ ಅಲ್ಲಿ.

ವಿದೇಶಿಯರ ವಿಷಯದಲ್ಲಿ ವಿಶ್ವವಿದ್ಯಾಲಯಗಳು ಎರಡು ಬಗೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಬಹುಕಾಲದಿಂದ ನೆರವಿನ ಬೇಡಿಕೆಯನ್ನು ಪ್ರವೇಶದ ತೀರ್ಮಾನದಿಂದ ಹೊರಗಿಟ್ಟಿವೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೌಡಿನ್ ಸೇರಿದವು. 2025ರ ಪ್ರವೇಶದಿಂದ ಬ್ರೌನ್ ಮತ್ತು ನೋಟರ್ ಡೇಮ್ ಕೂಡ. ಇದು ಶಾಶ್ವತ ಪಟ್ಟಿಯೇನಲ್ಲ. ವಿಲಿಯಮ್ಸ್ ಕಾಲೇಜು 2010ರಲ್ಲಿ ವಿದೇಶಿಯರ ಮಟ್ಟಿಗೆ ಈ ನೀತಿಯಿಂದ ಹಿಂದೆ ಸರಿದಿತ್ತು. ಸ್ಟ್ಯಾನ್‌ಫರ್ಡ್ ಸೇರಿದಂತೆ ಉಳಿದ ಬಹುಪಾಲು ಸಂಸ್ಥೆಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೋ ಇಲ್ಲವೋ ಎಂಬುದನ್ನು ಆಯ್ಕೆಯಲ್ಲಿ ಗಣಿಸುತ್ತವೆ. ಇದನ್ನು ತಿಳಿದ ಕೆಲವರು ‘ಮೊದಲು ನೆರವು ಬೇಡ ಎಂದು ಬರೆದು ಒಳಗೆ ಹೋಗು, ಆಮೇಲೆ ನೋಡೋಣ’ ಎಂದು ಬುದ್ಧಿ ಹೇಳುತ್ತಾರೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಪ್ರವೇಶದ ವೇಳೆ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದಿನ ನಾಲ್ಕೂ ವರ್ಷ ನೆರವಿಲ್ಲ ಎಂಬ ನಿಯಮ ಇಂಥ ಹಲವು ಸಂಸ್ಥೆಗಳಲ್ಲಿದೆ. ಅಮೆರಿಕ ಸರ್ಕಾರದ ನೆರವಂತೂ ವಿದ್ಯಾರ್ಥಿ ವೀಸಾದವರಿಗೆ ಇಲ್ಲವೇ ಇಲ್ಲ.

ಇನ್ನು ನಮೂನೆಗೆ ಬರೋಣ. ಹಲವು ಸಂಸ್ಥೆಗಳು ಬಳಸುವುದು ಕಾಲೇಜ್ ಬೋರ್ಡ್‌ನ ಸಿಎಸ್ಎಸ್ ಪ್ರೊಫೈಲ್. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಸಕ್ಕರೆ ವರ್ಷ ಆರಂಭವಾಗುವುದೂ ಅದೇ ದಿನ ಎಂಬುದು ಕಾಕತಾಳೀಯ. ಮೊದಲ ಸಂಸ್ಥೆಗೆ 25 ಡಾಲರ್, ಮುಂದಿನ ಒಂದೊಂದಕ್ಕೂ 16 ಡಾಲರ್ ಶುಲ್ಕ. ಕಟ್ಟಲಾಗದವರು ಸಂಸ್ಥೆಗೇ ಪತ್ರ ಬರೆದರೆ ಕೆಲವು ಕಡೆ ವಿನಾಯಿತಿ ಸಿಗುತ್ತದೆ. ಅಂಕಿಗಳನ್ನು ರೂಪಾಯಿಯಲ್ಲೇ ತುಂಬಬಹುದು.

ಈ ನಮೂನೆಯ ಹಿಂದೆ ಒಂದು ಮಾದರಿ ಮನೆಯಿದೆ: ಅಪ್ಪ ಅಮ್ಮನಿಗೆ ತಿಂಗಳ ಸಂಬಳ, ಅದಕ್ಕೊಂದು ತೆರಿಗೆ ವಿವರಣೆ, ವಾಸಕ್ಕೊಂದು ಮನೆ, ಬ್ಯಾಂಕಿನಲ್ಲಿ ಉಳಿತಾಯ. ತಿಮ್ಮಾಪುರದ ಕಬ್ಬಿನ ಮನೆಯನ್ನು ಇದರೊಳಗೆ ಕೂರಿಸಲು ಹೊರಟರೆ ಮೊದಲ ಪುಟದಲ್ಲೇ ಕಾಗದ ಸಾಲದು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ ಸಲ್ಲಿಸಿರುವುದಿಲ್ಲ. ಅದರ ಬದಲು ‘ನಾವು ರಿಟರ್ನ್ ಸಲ್ಲಿಸುವವರಲ್ಲ’ ಎಂಬ ಸಹಿ ಮಾಡಿದ ಹೇಳಿಕೆ ಮತ್ತು ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೊಡಬೇಕಾಗುತ್ತದೆ. ನಾಡಕಚೇರಿಯಲ್ಲಿ ಸಿಗುವ ಆ ಪ್ರಮಾಣಪತ್ರವನ್ನು ಮನೆಯವರು ಪಡೆದಿರುವುದು ಹಾಸ್ಟೆಲ್ಲಿಗೋ ಶುಲ್ಕ ವಿನಾಯಿತಿಗೋ. ಅದರ ಮೇಲಿನ ಅಂಕಿ ಆ ಯೋಜನೆಗಳ ಮಿತಿಯೊಳಗೆ ಕೂರುವಂಥದ್ದು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾತ್ರ ಕಾರ್ಖಾನೆಯಿಂದ ಒಮ್ಮೆಲೇ ಎರಡು ಲಕ್ಷ ಜಮೆಯಾದದ್ದು ಕಾಣುತ್ತದೆ. ಅಮೆರಿಕದಲ್ಲಿ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಅಧಿಕಾರಿಗೆ ಅನುಮಾನ ಬಂದರೆ ಅವರದು ತಪ್ಪೇನಲ್ಲ.

ವರ್ಷದ ಲೆಕ್ಕವೂ ಕೂಡುವುದಿಲ್ಲ. ಸಕ್ಕರೆ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ನಮ್ಮ ಹಣಕಾಸು ವರ್ಷ ಏಪ್ರಿಲಿನಿಂದ ಮಾರ್ಚ್, ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ಶೇ 15ರ ಬಡ್ಡಿ ಕೊಡಬೇಕು. ರೈತನಿಗೆ ಆ ಆದೇಶ ಬಾಯಿಪಾಠ. ಬಿಲ್ಲು ಕಂತಿನಲ್ಲಿ ಬರುವುದೂ ಅಷ್ಟೇ ಪರಿಚಿತ. ಡಿಸೆಂಬರಿನಲ್ಲಿ ಕಡಿದ ಕಬ್ಬಿನ ಕೊನೆಯ ಕಂತು ಮುಂದಿನ ವರ್ಷಕ್ಕೆ ಹೋದರೆ ಒಂದು ವರ್ಷದ ಆದಾಯ ಉಬ್ಬಿ ಇನ್ನೊಂದು ವರ್ಷದ್ದು ಸೊರಗಿದಂತೆ ಕಾಣುತ್ತದೆ.

ನಾಲ್ಕು ಎಕರೆ ಕಬ್ಬಿನ ಮನೆಯೊಂದನ್ನು ಊಹಿಸಿಕೊಳ್ಳೋಣ. ಎಕರೆಗೆ 40 ಟನ್, ಕಟಾವು ಮತ್ತು ಸಾಗಣೆ ಕಳೆದು ಟನ್ನಿಗೆ 3,000 ರೂಪಾಯಿ ಕೈಗೆ ಬಂದರೆ ಒಟ್ಟು 4.8 ಲಕ್ಷ. ಬೀಜ, ಗೊಬ್ಬರ, ಕೂಲಿ, ಮೋಟಾರು ಎಂದು ಅರ್ಧ ಹೋದರೆ ಉಳಿಯುವುದು 2.4 ಲಕ್ಷ. ಡಾಲರಿಗೆ 88 ರೂಪಾಯಿಯಂತೆ ಸುಮಾರು 2,700 ಡಾಲರ್. ಈ ಆದಾಯದ ಮನೆಯಿಂದ ಯಾವ ವಿಶ್ವವಿದ್ಯಾಲಯವೂ ಏನನ್ನೂ ನಿರೀಕ್ಷಿಸಬಾರದು. ಆದರೆ ಮುಂದಿನ ಕಲಂ ಜಮೀನಿನ ಬೆಲೆ ಕೇಳುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿಗದಿ ಮಾಡಿದ ದರ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ಅದೇ ದರ ಹಿಡಿದರೆ ನಮ್ಮ ನಾಲ್ಕು ಎಕರೆಯ ಬೆಲೆ 1.6 ಕೋಟಿ, ಅಂದರೆ 1.8 ಲಕ್ಷ ಡಾಲರ್. ಒಂದೇ ಮನೆ ಆದಾಯದ ಕಲಮಿನಲ್ಲಿ ಬಡವ, ಆಸ್ತಿಯ ಕಲಮಿನಲ್ಲಿ ಅನುಕೂಲಸ್ಥ; ‘ಸಾಮಾನ್ಯ ಪ್ರಮಾಣದ ಆಸ್ತಿ’ ಎಂಬ ಷರತ್ತು ತೊಡಕಾಗುವುದು ಇಲ್ಲೇ.

ಬೀಳಗಿ, ಜಮಖಂಡಿ ಕಡೆಯ ಹೊಳೆದಂಡೆಯ ಹಳ್ಳಿಗಳಿಗೆ ಇದರ ಮೇಲೊಂದು ತೊಡಕು ಕಾದಿದೆ. ಮಗ ಅರ್ಜಿ ಹಾಕುವ ವರ್ಷವೇ ಪರಿಹಾರದ ಹಣ ಖಾತೆಗೆ ಬಿದ್ದರೆ ಅದು ಕಾಣುವುದು ನಗದು ಉಳಿತಾಯವಾಗಿ. ಅದು ಜಮೀನು ಕಳೆದುಕೊಂಡದ್ದರ ಬೆಲೆ, ಅದರಿಂದ ಬೇರೆ ಕಡೆ ಹೊಲ ಕೊಳ್ಳಬೇಕು, ಮನೆ ಕಟ್ಟಬೇಕು ಎಂಬುದು ಪಾಸ್‌ಬುಕ್ಕಿಗೆ ತಿಳಿಯದು. ನಮೂನೆಯ ಕೊನೆಗೆ ವಿಶೇಷ ಪರಿಸ್ಥಿತಿ ವಿವರಿಸಲು ಜಾಗವಿದೆ. ಭೂಸ್ವಾಧೀನದ ನೋಟಿಸು, ಅದರ ಇಂಗ್ಲಿಷ್ ಅನುವಾದ, ಬದಲಿ ಜಮೀನಿನ ಅಂದಾಜು ಎಲ್ಲ ಅಲ್ಲಿಗೆ ಹೋಗಬೇಕು. ಈ ಜಾಗವನ್ನು ಖಾಲಿ ಬಿಡುವುದು ನನ್ನ ದೃಷ್ಟಿಯಲ್ಲಿ ಇಡೀ ಅರ್ಜಿಯ ಅತ್ಯಂತ ದುಬಾರಿ ಲೋಪ.

ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಇನ್ನೊಂದು ಸಂಗತಿಯಿದೆ. ಕಬ್ಜೆದಾರರ ಕಲಮಿನಲ್ಲಿ ಅಜ್ಜನ ಹೆಸರೇ ಇರಬಹುದು, ಇಲ್ಲವೇ ವಾರಸಾ ಆಗಿ ಮೂವರು ಚಿಕ್ಕಪ್ಪಂದಿರು, ಇಬ್ಬರು ಅತ್ತೆಯಂದಿರ ಹೆಸರು ಜಂಟಿಯಾಗಿ ಕೂತಿರಬಹುದು. ವಾಟ್ನಿ (ಪಾಲು) ಬಾಯಿಮಾತಿನಲ್ಲಿ ಆಗಿದೆ, ಕಾಗದದಲ್ಲಿ ಆಗಿಲ್ಲ. ನಮೂನೆಯಲ್ಲಿ ಬರೆಯಬೇಕಾದದ್ದು ತಂದೆ ತಾಯಿಯ ಪಾಲಿನ ಬೆಲೆಯನ್ನು ಮಾತ್ರ. ಹನ್ನೆರಡು ಎಕರೆಯ ಜಂಟಿ ಉತಾರ ಲಗತ್ತಿಸಿ, ಪಾಲಿನ ವಿವರಣೆ ಕೊಡದೆ ಬಿಟ್ಟರೆ ಹನ್ನೆರಡೂ ಎಕರೆ ಇವರದೇ ಎಂದು ಓದುವ ಅಪಾಯವಿದೆ. ಸಾಲದ ಕಡೆಗೂ ಇದೇ ಎಚ್ಚರ ಬೇಕು. ಸೊಸೈಟಿಯ ಬೆಳೆಸಾಲ, ಬಂಗಾರದ ಮೇಲಿನ ಸಾಲ ಇವಕ್ಕೆ ಕಾಗದವಿದೆ, ಎಲ್ಲವನ್ನೂ ತೋರಿಸಬೇಕು. ಕೈಗಡಕ್ಕೆ ಕಾಗದವಿಲ್ಲ, ಅದನ್ನು ವಿವರಣೆಯಲ್ಲಿ ಹೇಳಬಹುದು, ಆದರೆ ಲೆಕ್ಕಕ್ಕೆ ಬರುತ್ತದೆಂದು ನೆಚ್ಚಬಾರದು.

ರಬಕವಿ-ಬನಹಟ್ಟಿಯ ನೇಕಾರ ಮನೆಗಳ ಸ್ಥಿತಿ ಬೇರೆ. ಆಸ್ತಿ ಎಂದರೆ ಮಗ್ಗ ಮತ್ತು ಅದು ನಿಂತ ಮನೆ. ಆದಾಯ ಸೀರೆ ಲೆಕ್ಕದ ಮಜೂರಿ, ಅದೂ ಹಲವೆಡೆ ನಗದಿನಲ್ಲಿ. ಮಾಲೀಕರಿಂದ ಬರೆಸಿಕೊಂಡ ವರ್ಷದ ಮಜೂರಿ ಪತ್ರ ಮತ್ತು ವಿದ್ಯುತ್ ಬಿಲ್ಲು ಇಲ್ಲಿ ಕೆಲಸಕ್ಕೆ ಬರುತ್ತವೆ. ಒಟ್ಟಾರೆ ನೋಡಿದರೆ ಆಸ್ತಿಯ ಗೊಂದಲವಿಲ್ಲದ ನೇಕಾರರ ಮಗುವಿನ ಅರ್ಜಿ ರೈತನ ಮಗುವಿನದಕ್ಕಿಂತ ಸಲೀಸಾಗಿ ಓದಿಸಿಕೊಳ್ಳುತ್ತದೆ.

ಶಾಲೆಯ ಕಡೆಯ ಕಾಗದಗಳೂ ಸಣ್ಣ ವಿಷಯವಲ್ಲ. ಇಬ್ಬರು ಅಧ್ಯಾಪಕರ ಪತ್ರ, ಶಾಲಾ ಸಲಹೆಗಾರರ ವರದಿ, ಒಂಬತ್ತನೇ ತರಗತಿಯಿಂದ ಅಂಕಗಳು ಬೇಕು. ಮೊದಲ ಸುತ್ತಿನ ಗಡುವು ನವೆಂಬರ್ 1ರ ಆಸುಪಾಸು, ಎರಡನೆಯದು ಜನವರಿ ಮೊದಲ ವಾರ. ಪಿಯು ಉಪನ್ಯಾಸಕರು ಅಷ್ಟರಲ್ಲಿ ಅರ್ಜಿ ಹಾಕುವ ಹುಡುಗಿಯನ್ನು ಒಂದೂವರೆ ವರ್ಷವೂ ನೋಡಿರುವುದಿಲ್ಲ; ಸಲಹೆಗಾರ ಎಂಬ ಹುದ್ದೆಯೇ ನಮ್ಮ ಕಾಲೇಜುಗಳಲ್ಲಿಲ್ಲ, ಪ್ರಾಚಾರ್ಯರೇ ಆ ಪಾತ್ರ ವಹಿಸಬೇಕು. ‘ಶಿಸ್ತಿನ, ವಿಧೇಯ ವಿದ್ಯಾರ್ಥಿನಿ’ ಎಂದು ಬರೆದ ಪತ್ರದಿಂದ ಏನೂ ಆಗದು. ಆಕೆ ಪ್ರಯೋಗಾಲಯದಲ್ಲಿ ಯಾವ ಪ್ರಶ್ನೆ ಕೇಳಿದಳು, ಯಾರಿಗೆ ಲೆಕ್ಕ ಹೇಳಿಕೊಟ್ಟಳು ಎಂಬುದನ್ನು ಬರೆಯಬೇಕು. ಇದರ ಮೇಲೆ ಸ್ಯಾಟ್ ಪರೀಕ್ಷೆ: ಎಂಐಟಿ 2022ರಲ್ಲೇ ಅದನ್ನು ಮತ್ತೆ ಕಡ್ಡಾಯ ಮಾಡಿತು, ಹಾರ್ವರ್ಡ್ ಮತ್ತು ಬ್ರೌನ್ 2024ರಲ್ಲಿ ಅದೇ ದಾರಿ ಹಿಡಿದವು.

ಸಾಧ್ಯತೆಯ ಮಾತು ಹೇಳದಿದ್ದರೆ ಟಿಪ್ಪಣಿ ಅಪ್ರಾಮಾಣಿಕವಾಗುತ್ತದೆ. ಎಂಐಟಿಯಲ್ಲಿ ವಿದೇಶಿ ಅರ್ಜಿದಾರರ ಪೈಕಿ ಪ್ರವೇಶ ಸಿಗುವುದು ನೂರಕ್ಕೆ ಇಬ್ಬರ ಆಸುಪಾಸಿನವರಿಗೆ. 2025ರ ಮೇ ಕೊನೆಯಿಂದ ಕೆಲವು ವಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಕ್ಕೆ ದಿನಾಂಕ ಕೊಡುವುದೇ ನಿಂತಿತ್ತು. ಸಿಇಟಿ, ಜೆಇಇ, ನೀಟ್ ತಯಾರಿ ಬಿಟ್ಟು ಇದೊಂದನ್ನೇ ನೆಚ್ಚುವುದು ಜಾಣತನವಲ್ಲ. ಬೇರೆ ನೆರವಿನ ಮೂಲಗಳನ್ನು ನೋಡಿದರೆ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಭಾರತೀಯರಿಗೆಂದೇ 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ 2.5 ಕೋಟಿ ಡಾಲರ್ ನಿಧಿಯ ವಿದ್ಯಾರ್ಥಿವೇತನವಿದೆ, ಅದೂ ಮನೆಯ ಅಗತ್ಯ ನೋಡಿಯೇ ಕೊಡುವಂಥದ್ದು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ ಮಾತ್ರ, ಪಿಯು ಮುಗಿಸಿ ಹೊರಟವರಿಗೆ ಅನ್ವಯಿಸದು.

ಅರ್ಜಿ ಹಾಕುವ ಮನೆಯವರಿಗೆ ಒಂದು ಮಾತು. ಹಿಂದಿನ ಎರಡು ಹಂಗಾಮಿನ ಪಾವತಿ ವಿವರವನ್ನು ಕಾರ್ಖಾನೆಯಿಂದ ಜೂನ್‌ನಲ್ಲೇ ಬರೆಸಿಕೊಳ್ಳಿ. ಜಂಟಿ ಉತಾರವಿದ್ದರೆ ಪಾಲಿನ ವಿವರವನ್ನು ನೋಟರಿ ಮುಂದೆ ಬರೆಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಕಬ್ಬು ನುರಿಸಲು ಶುರುವಾದ ಮೇಲೆ ಕಾರ್ಖಾನೆಯ ಗುಮಾಸ್ತರಿಗೂ ಪುರುಸೊತ್ತಿರುವುದಿಲ್ಲ, ಮನೆಯವರಿಗೂ ಇರುವುದಿಲ್ಲ.