ಈಚಲ ಮರದ ವಂಶಾವಳಿ

ಶಿಲಾಶಾಸನ, ತಾಮ್ರಪಟ, ಕೈಫಿಯತ್ತುಗಳಿಂದ ನಾಡಿನ ಇತಿಹಾಸವನ್ನು ಹೊಂದಿಸುವದು ನಮಗೆ ರೂಢಿಯಾಗಿದೆ. ಆದರೆ ಯಾವ ಅರಸನೂ ಬರೆಯಿಸದ, ಯಾವ ಶಿಲ್ಪಿಯೂ ಕೊರೆಯದ ಇನ್ನೊಂದು ದಾಖಲೆಯು ನಮ್ಮ ಹಳ್ಳಗಳ ದಂಡೆಯಲ್ಲಿ ನಿಂತಿರುವದು. ಅದು ಈಚಲ ಮರ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ವಾಚಕರಿಗೆ ಇದರ ಪರಿಚಯ ಹೇಳಬೇಕಾದ್ದಿಲ್ಲ. ಗರಿಯಿಂದ ಚಾಪೆ, ಕಸಬರಿಗೆ, ರಸದಿಂದ ಶಿಂದಿ. ಮರಾಠಿಯಲ್ಲಿ ಮರಕ್ಕೂ ರಸಕ್ಕೂ ಶಿಂದಿಯೆಂದೇ ಹೆಸರು. ನೆರೆಯ ಇಚಲಕರಂಜಿಯ ಹೆಸರನ್ನು ಕೇಳಿದೊಡನೆ ಕನ್ನಡಿಗನ ಕಿವಿಗೆ ಈಚಲು ನೆನಪಾಗುವದು ಸಹಜ. ಆದರೆ ಶಬ್ದಸಾಮ್ಯವು ಪ್ರಮಾಣವಲ್ಲ. ಮರದ ಪೂರ್ವವೃತ್ತವನ್ನು ಮರದಿಂದಲೇ ಕೇಳಬೇಕು.

ಮರಕ್ಕೂ ಕಷ್ಟದ ಕಾಲಗಳು ಬಂದಿವೆ. ನಮ್ಮ ಸೀಮೆಯು 1956ರ ವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿಯ 1878ರ ಅಬಕಾರಿ ಕಾಯದೆಯಿಂದ ರಸವಿಳಿಸುವ ಮರವು ಸರಕಾರದ ಕರಕ್ಕೆ ಒಳಗಾಯಿತು. ಮುಂದೆ ಪಾನವಿರೋಧವು ರಾಷ್ಟ್ರೀಯ ಚಳವಳಿಯ ಅಂಗವಾದಾಗ ಕೊಡಲಿಯು ಮರದ ಬುಡಕ್ಕೇ ಬಂದಿತು. 1939ರಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಈಚಲ ಮರ ಕಡಿಯುವದೇ ಸತ್ಯಾಗ್ರಹವಾಯಿತು. ಆ ಹಿರಿಯರ ಉದ್ದೇಶವನ್ನು ಹಳಿಯುವದು ನಮ್ಮ ಕೆಲಸವಲ್ಲ. ಆದರೆ ಒಂದು ಬನವನ್ನು ಕಡಿದ ಮೇಲೆ ಉಳಿದ ನಾಲ್ಕಾರು ಮರಗಳಿಂದಲೇ ಅದು ಮತ್ತೆ ಬೆಳೆದರೆ, ಕಣ್ಣಿಗೆ ಮೊದಲಿನಂತೆಯೇ ತೋರಿದರೂ ಒಳಗಿನ ವೈವಿಧ್ಯವು ಕುಗ್ಗಿರುವದು. ಈ ಕುಗ್ಗನ್ನು ಕಣ್ಣು ಕಾಣಲಾರದು.

ಅದನ್ನು ಕಾಣಿಸುವ ಉಪಾಯವೇ ಅನುವಂಶಿಕ ಗುರುತುಗಳು. ಎಳೆಗರಿಯ ತುಣುಕಿನಿಂದ ಡಿ.ಎನ್.ಎ.ಯನ್ನು ಬೇರ್ಪಡಿಸುತ್ತಾರೆ. ಅದರಲ್ಲಿ ಎರಡು ಮೂರು ಅಕ್ಷರಗಳು ಒಂದೇ ಸಮನೆ ಮರುಕಳಿಸುವ ಸ್ಥಾನಗಳಿವೆ. ಈ ಪುನರಾವೃತ್ತಿಯು ಒಂದು ಮರದಲ್ಲಿ ಹತ್ತು ಸಲವಾದರೆ ಇನ್ನೊಂದರಲ್ಲಿ ಹದಿನಾಲ್ಕು ಸಲವಿರಬಹುದು. ಇಂಥ ಹಲವು ಸ್ಥಾನಗಳನ್ನು ಹೋಲಿಸಿದರೆ ಯಾವ ಮರ ಯಾವುದಕ್ಕೆ ಹತ್ತಿರದ ನಂಟಸ್ತಿಕೆಯದೆಂಬುದು ತಿಳಿಯುವದು. ಈಚಲದಲ್ಲಿ ಗಂಡು ಹೆಣ್ಣು ಮರಗಳು ಬೇರೆ ಬೇರೆ. ಖರ್ಜೂರದಂತೆ ಬುಡದ ಕಂದುಗಳಿಂದ ಬೆಳೆಯದೆ ಸಾಮಾನ್ಯವಾಗಿ ಬೀಜದಿಂದಲೇ ಹುಟ್ಟುವದು. ಆದ್ದರಿಂದ ಪ್ರತಿಯೊಂದು ಮರವೂ ಹೊಸದೊಂದು ಬೆರಕೆಯಾಗಿರುತ್ತದೆ.

ಈ ವಿದ್ಯೆಯು ಕೊಟ್ಟ ಫಲಗಳು ಇತಿಹಾಸಕಾರನನ್ನು ಬೆರಗುಗೊಳಿಸುವಂಥವು. ಈಚಲದ ಸೋದರನಾದ ಖರ್ಜೂರದ ಕಾಡುಮರಗಳು ಓಮಾನದ ಗುಡ್ಡಗಳಲ್ಲಿ ಇವೆಯೆಂದು 2017ರಲ್ಲಿ ಸಿದ್ಧವಾಯಿತು. ಉತ್ತರ ಆಫ್ರಿಕೆಯ ಖರ್ಜೂರದಲ್ಲಿ ಕ್ರೀಟ್ ದ್ವೀಪದ ಕಾಡುತಾಳೆಯ ವಂಶವು ಬೆರೆತಿದೆಯೆಂಬುದು 2019ರಲ್ಲಿ ತಿಳಿಯಿತು. ತೆಂಗಿನ 1322 ಮಾದರಿಗಳನ್ನು ಪರೀಕ್ಷಿಸಿದ 2011ರ ಸಂಶೋಧನೆಯು ಅವು ಪೆಸಿಫಿಕ್ ಹಾಗೂ ಹಿಂದೂ-ಅಟ್ಲಾಂಟಿಕ್ ಎಂಬ ಎರಡು ಕುಲಗಳಾಗುವವೆಂದು ತೋರಿಸಿತು. ನಮ್ಮ ತೆಂಗು ಎರಡನೆಯ ಕುಲದ್ದು. ಯಾವ ನಾವಿಕನೂ ಬರೆದಿಡದ ಯಾತ್ರೆಗಳನ್ನು ಮರಗಳು ಬರೆದಿಟ್ಟುಕೊಂಡಿವೆ.

ತೆಂಗಿಗೆ ಪೋಷಕರುಂಟು. ಕಾಸರಗೋಡಿನಲ್ಲಿ 1916ರಲ್ಲಿ ಹುಟ್ಟಿದ ತೆಂಗಿನ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವಾಯಿತು. ಅದರ ಕಿದು ಕ್ಷೇತ್ರದಲ್ಲಿ ದಕ್ಷಿಣ ಏಶಿಯದ ತೆಂಗಿನ ತಳಿಗಳನ್ನು ಕಾಪಾಡುತ್ತಿದ್ದಾರೆ. ಈಚಲವಾದರೋ ಹೆಚ್ಚಾಗಿ ಯಾರೂ ನೆಡದೆ ತಾನೇ ಬೆಳೆದ ಮರ. ಅದರ ಭಂಡಾರವು ಹಳ್ಳದ ದಂಡೆಯೇ. ಕಬ್ಬಿನ ಗದ್ದೆಯು ದಂಡೆಯ ವರೆಗೆ ಚಾಚಿದಲ್ಲಿ ಆ ಭಂಡಾರವು ಸದ್ದಿಲ್ಲದೆ ಬರಿದಾಗುವದು.

ಕೃಷ್ಣೆ, ದೂಧಗಂಗೆಗಳ ದಡದ ಈಚಲವೂ ಅಥಣಿಯ ಒಣನೆಲದ, ಅಗ್ರಣಿ ತೀರದ ಈಚಲವೂ ಒಂದೇ ಮನೆತನವೋ? ಹಣ್ಣು ತಿಂದ ನರಿ, ಹಕ್ಕಿಗಳು ಬೀಜವನ್ನು ಎಷ್ಟು ದೂರ ಒಯ್ದವು? ಯಾವ ಬನವು ಹಳೆಯದು, ಯಾವದು ಕೊಡಲಿಯ ನಂತರದ್ದು? ಇವಕ್ಕೆ ಉತ್ತರ ಪ್ರಯೋಗಶಾಲೆಯಿಂದ ಬರಬೇಕು. ಆದರೆ ಹಳೆಯ ಬನವು ಎಲ್ಲಿತ್ತೆಂದು ಹೇಳಬಲ್ಲವರು ನಮ್ಮ ಮನೆಗಳ ವೃದ್ಧರು. ಅವರ ನೆನಪನ್ನು ಊರೂರಿಗೆ ಬರೆದಿಡುವ ಕೆಲಸವನ್ನು ವಾಚಕರು ಇಂದೇ ತೊಡಗಬಹುದು. ಒಡೆದ ಶಾಸನದ ಚೂರುಗಳನ್ನಾದರೂ ಕೂಡಿಸಬಹುದು. ಬೇರುಸಹಿತ ಕಿತ್ತ ಮರದ ವಂಶಾವಳಿಯನ್ನು ಓದಿಸಬಲ್ಲ ಪಂಡಿತನು ಎಲ್ಲಿಯೂ ದೊರೆಯಲಾರನು.