ಹೋದವರು, ಉಳಿದವರು: ಐರ್ಲೆಂಡಿಗೆ ಮರಳಿದ ಒಂದು ಕುಟುಂಬದ ಕಥೆ

ಐರ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ವೆಕ್ಸ್‌ಫರ್ಡ್ ಕೌಂಟಿಯ ನ್ಯೂ ರಾಸ್ ಪಟ್ಟಣದಿಂದ ಕೆಲವೇ ಮೈಲಿಗಳ ದೂರದಲ್ಲಿ ಡಂಗನ್ಸ್‌ಟೌನ್ ಎಂಬ ಸಣ್ಣ ಹಳ್ಳಿಯಿದೆ. ಕೋಟೆಯಾಗಲಿ ಅರಮನೆಯಾಗಲಿ ಅಲ್ಲಿಲ್ಲ. ಇರುವುದು ಹೊಲ, ಕೊಟ್ಟಿಗೆ, ಒಂದು ರೈತನ ಮನೆ. ಈ ಮನೆಯಿಂದ ಸುಮಾರು 1848ರಲ್ಲಿ ಪ್ಯಾಟ್ರಿಕ್ ಕೆನಡಿ ಎಂಬ ತರುಣನು ಹೊರಟು, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ ಬಾಸ್ಟನ್ ನಗರವನ್ನು ಸೇರಿದನು.

ಅದು ಐರ್ಲೆಂಡಿನ ಮಹಾಕ್ಷಾಮದ ಕಾಲ. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ತಗಲಿದ ಕೊಳೆರೋಗವು ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಅದಕ್ಕೂ ಹೆಚ್ಚು ಮಂದಿ ದೇಶವನ್ನೇ ತೊರೆದರು. ಪಶ್ಚಿಮದ ಕೌಂಟಿಗಳಷ್ಟು ವೆಕ್ಸ್‌ಫರ್ಡ್ ನರಳಲಿಲ್ಲವೆಂಬುದು ನಿಜ. ಆದರೆ ಹಿಡಿಯಷ್ಟು ಗೇಣಿ ಭೂಮಿಯಲ್ಲಿ ಕಿರಿಯ ಮಗನಿಗೆ ಪಾಲೆಲ್ಲಿಯದು? ಅಂದು ಹೊರಟವರು ಮರಳಿ ಬರುವರೆಂದು ಯಾರೂ ಎಣಿಸುತ್ತಿರಲಿಲ್ಲ. ಪಯಣದ ಹಿಂದಿನ ರಾತ್ರಿ ನೆಂಟರಿಷ್ಟರು ನೆರೆದು, ಸತ್ತವರ ಮನೆಯಲ್ಲಿ ಎಚ್ಚರವಿರುವಂತೆ ಬೆಳಗಿನವರೆಗೂ ಜಾಗರಣೆ ಮಾಡುತ್ತಿದ್ದರು. ಅದಕ್ಕೆ ‘ಅಮೆರಿಕದ ಜಾಗರಣೆ’ ಎಂದೇ ಹೆಸರು. ಜೀವಂತ ಮಗನಿಗಾಗಿ ತಾಯಿ ಶವಗೀತದ ರೀತಿಯಲ್ಲಿ ಗೋಳಾಡುತ್ತಿದ್ದಳು.

ಪ್ಯಾಟ್ರಿಕ್ ಬಾಸ್ಟನ್ನಿನಲ್ಲಿ ಪೀಪಾಯಿ ಮಾಡುವ ಕಸುಬನ್ನು ಹಿಡಿದನು. 1849ರಲ್ಲಿ ತನ್ನ ಕೌಂಟಿಯವಳೇ ಆದ ಬ್ರಿಜೆಟ್ ಮರ್ಫಿಯನ್ನು ವಿವಾಹವಾದನು. 1858ರ ನವೆಂಬರ್ 22ರಂದು, ಉಳಿದ ಒಬ್ಬನೇ ಮಗನು ಇನ್ನೂ ಹಸುಗೂಸಾಗಿರುವಾಗಲೇ, ತೀರಿಕೊಂಡನು. ವಿಧವೆಯಾದ ಬ್ರಿಜೆಟ್ ಅಂಗಡಿಯಿಟ್ಟು ಮಕ್ಕಳನ್ನು ಸಾಕಿದಳು. ಆ ಮಗನು ಮ್ಯಾಸಚೂಸೆಟ್ಸ್ ಶಾಸನಸಭೆಯ ಸದಸ್ಯನಾದನು. ಮೊಮ್ಮಗನು 1938ರಲ್ಲಿ ಬ್ರಿಟನ್ನಿಗೆ ಅಮೆರಿಕದ ರಾಯಭಾರಿಯಾದನು. ಮರಿಮಗ ಜಾನ್ ಕೆನಡಿಯವರು 1960ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಆಯ್ಕೆಯಾದ ಮೊದಲ ಕಥೋಲಿಕರೆನಿಸಿದರು. ಈ ಏಳಿಗೆಯ ಕಥೆಯನ್ನು ಎಲ್ಲರೂ ಬಲ್ಲರು. ಬೇರಿನ ಕಥೆ ಅಷ್ಟು ಪ್ರಸಿದ್ಧವಲ್ಲ.

ಹೀಗೆ ಹೊರಟುಹೋದ ಸಾಮಾನ್ಯರ ವಂಶಸ್ಥರು ತಮ್ಮ ಮೂಲವನ್ನು ಅರಸುವುದಾದರೂ ಹೇಗೆ? ಐರ್ಲೆಂಡಿನಲ್ಲಿ ಎಲ್ಲರ ಜನನವನ್ನೂ ಸರ್ಕಾರ ದಾಖಲಿಸತೊಡಗಿದುದು 1864ರಿಂದ. ಅದಕ್ಕೆ ಮುಂಚೆ ಹಡಗನ್ನೇರಿದವರ ಹೆಸರು ಆ ಪುಸ್ತಕಗಳಲ್ಲಿಲ್ಲ. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಕಾಗದಗಳು, 1922ರ ಜೂನ್ 30ರಂದು ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆಗಳ ಭಂಡಾರ ಸ್ಫೋಟಿಸಿ ಉರಿದಾಗ ಬೂದಿಯಾದವು. ಒಂದು ಕಾಲಕ್ಕೆ ರಾಜ್ಯದ ಅಧಿಕೃತ ಧರ್ಮಸಭೆಯಾಗಿದ್ದ ಪ್ರಾಟೆಸ್ಟಂಟ್ ಸಭೆಯ ಅನೇಕ ದಫ್ತರಗಳನ್ನೂ ಭದ್ರತೆಗೆಂದು ಅಲ್ಲಿಯೇ ಇರಿಸಲಾಗಿತ್ತು, ಅವೂ ಉರಿದುಹೋದವು. ಕಥೋಲಿಕರ ದಫ್ತರಗಳನ್ನಾದರೋ ಸರ್ಕಾರ ಕೇಳಿಯೇ ಇರಲಿಲ್ಲ. ಹಳ್ಳಿಹಳ್ಳಿಯ ಗುರುಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು, ಆದ್ದರಿಂದಲೇ ಉಳಿದವು. ಅಲಕ್ಷ್ಯವೇ ಅವುಗಳಿಗೆ ರಕ್ಷೆಯಾಯಿತು!

ಆ ದಫ್ತರಗಳೂ ಸುಲಭವಾಗಿ ಹುಟ್ಟಿದವಲ್ಲ. ಹದಿನೆಂಟನೆಯ ಶತಮಾನದ ದಂಡನಾ ಶಾಸನಗಳ ದಿನಗಳಲ್ಲಿ ಬಯಲಿನ ಬಂಡೆಯೇ ಪೀಠವಾಗಿ ಬಲಿಪೂಜೆ ನಡೆದ ನಾಡದು. ಹಲವು ಧರ್ಮಕೇಂದ್ರಗಳಲ್ಲಿ, ವಿಶೇಷವಾಗಿ ಬಡತನದ ಪಶ್ಚಿಮದಲ್ಲಿ, ದಫ್ತರ ಆರಂಭವಾಗಿದ್ದೇ ಹತ್ತೊಂಬತ್ತನೆಯ ಶತಮಾನದಲ್ಲಿ. ಆದರೂ ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ತವರಿನ ಹೆಸರು, ಜ್ಞಾನ ಮಾತಾಪಿತೃಗಳ ಹೆಸರು, ಎಷ್ಟೋ ಕಡೆ ಊರಿನ ಹೆಸರೂ ಅಲ್ಲಿ ಸಿಗುತ್ತವೆ. ನಮ್ಮ ಧರ್ಮಕೇಂದ್ರಗಳ ಜ್ಞಾನಸ್ನಾನದ ದಫ್ತರವನ್ನು ಕಂಡವರಿಗೆ ಈ ಅಂಕಣಗಳು ಹೊಸತಲ್ಲ. ಎರಡಕ್ಕೂ ಮೂಲ 1563ರ ಟ್ರೆಂಟ್ ಮಹಾಸಭೆಯ ಕಟ್ಟಳೆಯೇ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಈ ದಫ್ತರಗಳ ಛಾಯಾಪ್ರತಿಗಳನ್ನು ತೆಗೆಸಿ, 2015ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಹೊರನಾಡಿನ ಐರಿಷ್ ಸಂತತಿಗೆ ಇದರಿಂದಾದ ಉಪಕಾರವನ್ನು ಅಳೆಯಲಾಗದು.

ಕೆನಡಿಯವರ ಪಾಲಿಗೆ ದಫ್ತರಕ್ಕಿಂತಲೂ ದೊಡ್ಡ ಸಾಕ್ಷಿಯೊಂದಿತ್ತು: ಊರು ಬಿಡದೆ ಉಳಿದ ಬಂಧುಗಳು. 1947ರಲ್ಲಿ ಆಗಿನ್ನೂ ಮೂವತ್ತರ ಪ್ರಾಯದ ಕಾಂಗ್ರೆಸ್ ಸದಸ್ಯರಾಗಿದ್ದ ಜಾನ್, ಲಿಸ್ಮೋರ್ ಕೋಟೆಯಲ್ಲಿ ತಂಗಿ ಕ್ಯಾಥ್ಲೀನಳ ಅತಿಥಿಯಾಗಿದ್ದಾಗ, ಕಾರಿನಲ್ಲಿ ಡಂಗನ್ಸ್‌ಟೌನಿಗೆ ಹೋಗಿ ಆ ಮನೆಯನ್ನು ಹುಡುಕಿ ಕಂಡರು. ಮತ್ತೆ ಅಲ್ಲಿಗೆ ಬಂದುದು ಅಧ್ಯಕ್ಷರಾಗಿ, 1963ರ ಜೂನ್ 27ರಂದು. ಸೋದರಿಯರಾದ ಯೂನಿಸ್ ಮತ್ತು ಜೀನ್ ಸಹ ಆ ಪ್ರವಾಸದಲ್ಲಿದ್ದರು. ನ್ಯೂ ರಾಸ್ ಬಂದರಿನ ಕಟ್ಟೆಯ ಮೇಲೆ ನಿಂತು ಅವರು, ಮುತ್ತಜ್ಜ ಅಂದು ಹೊರಡದಿದ್ದರೆ ತಾನಿಂದು ಎದುರಿನ ಗೊಬ್ಬರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆನೆಂದು ವಿನೋದವಾಡಿದರು. ಬಳಿಕ ಬಂಧು ಮೇರಿ ರಯನ್ ಅವರ ಅಂಗಳದಲ್ಲಿ ಚಹದ ಬಟ್ಟಲನ್ನೆತ್ತಿ, ಹೋದ ಕೆನಡಿಗಳಿಗೂ ಉಳಿದ ಕೆನಡಿಗಳಿಗೂ ಒಟ್ಟಿಗೆ ಗೌರವ ಸಲ್ಲಿಸಿದರು. ಇಡೀ ಪ್ರವಾಸದ ಭಾಷಣಗಳಲ್ಲಿ ಈ ಒಂದು ಮಾತೇ ನನಗೆ ಹಿರಿದಾಗಿ ತೋರುತ್ತದೆ. ಹೋದವರಿಗೆ ಸ್ಮಾರಕಗಳುಂಟು, ಚರಿತ್ರೆಯುಂಟು. ಉಳಿದು ಉತ್ತವರಿಗೆ, ಸಮಾಧಿಗಳ ಹುಲ್ಲು ಕಿತ್ತವರಿಗೆ, ಹೆಸರನ್ನು ಮರೆಯದವರಿಗೆ ಏನುಂಟು?

ಮತ್ತೊಮ್ಮೆ ಬರುವೆನೆಂದು ಮಾತುಕೊಟ್ಟು ಹೋದ ಅಧ್ಯಕ್ಷರು ಐದು ತಿಂಗಳೊಳಗೆ, ನವೆಂಬರ್ 22ರಂದು, ಗುಂಡಿಗೆ ಬಲಿಯಾದರು. ಮುತ್ತಜ್ಜನು ಸತ್ತ ದಿನಾಂಕವೂ ಅದೇ. ನಡುವೆ 105 ವರ್ಷಗಳು.

ಆ ಮಾತನ್ನು ಮನೆಯವರು ಉಳಿಸಿಕೊಟ್ಟರು. 1967ರ ಬೇಸಿಗೆಯಲ್ಲಿ ಜಾಕ್ವೆಲಿನ್ ಕೆನಡಿಯವರು ಒಂಬತ್ತು ವರ್ಷದ ಕ್ಯಾರೊಲಿನ್ ಮತ್ತು ಆರು ವರ್ಷದ ಜಾನ್ ಇಬ್ಬರನ್ನೂ ಕರೆತಂದು, ವಾಟರ್‌ಫರ್ಡ್ ಕೌಂಟಿಯ ಕಡಲತೀರದ ವುಡ್ಸ್‌ಟೌನಿನಲ್ಲಿ ಹಲವು ವಾರಗಳ ಕಾಲ ನೆಲೆಸಿದ್ದರು. ಅಲ್ಲಿಂದ ಡಂಗನ್ಸ್‌ಟೌನಿಗೂ ಹೋದರು. ತಂದೆ ಚಹ ಕುಡಿದ ಅಂಗಳವನ್ನು ಮಕ್ಕಳು ಕಂಡರು. ಭಾಷಣಗಳ ಗದ್ದಲವಿಲ್ಲದ ಆ ಭೇಟಿಯೇ ನಿಜವಾದ ತವರುಪಯಣ ಎನ್ನಬೇಕು.

2013ರ ಜೂನ್ ತಿಂಗಳಲ್ಲಿ, ತಂದೆಯ ಭೇಟಿಗೆ ಐವತ್ತು ವರ್ಷ ತುಂಬಿದಾಗ, ಕ್ಯಾರೊಲಿನ್ ಮತ್ತೆ ನ್ಯೂ ರಾಸಿಗೆ ಬಂದರು. ಆರ್ಲಿಂಗ್ಟನ್ನಿನಲ್ಲಿ ತಂದೆಯ ಸಮಾಧಿಯ ಬಳಿ ಉರಿಯುವ ಜ್ಯೋತಿಯಿಂದ ತಂದ ಬೆಂಕಿಯಿಂದ ಬಂದರಿನ ಕಟ್ಟೆಯ ಮೇಲೆ ವಲಸೆಗಾರರ ಜ್ಯೋತಿಯನ್ನು ಬೆಳಗಿಸಲಾಯಿತು. ಡಂಗನ್ಸ್‌ಟೌನಿನ ಹೊಲವನ್ನು ಮಾತ್ರ ಉಳಿದವರ ಸಂತತಿಯೇ ಉಳುತ್ತಿದೆ.